ಆಲೂಗಡ್ಡಿ ಮಿಲಿಟರಿ

ಮೊಮ್ಮಗಳು ಸಾಲೆಯ ಬೂಟಿಗೆ ಕರಿ ಪಾಲಿಶ್ ಹಚ್ಚುತ್ತಿದ್ದಳು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ಮೂಗಿಗೆ ಬಡಿದು, ಕುರುಗೋಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಿಲಿಟರಿ ಮಾವ ಎದುರಿಗೆ ಬಂದು ನಿಂತ. ಆ ಧೂಳಿನ ಊರಲ್ಲಿ ದಿನಾ ಬೂಟು ತಿಕ್ಕುತ್ತಿದ್ದವನು ಅವನೊಬ್ಬನೇ.

ನನಗೆ ಬರೆಯಲು ಬರುವುದು ಅಷ್ಟಕ್ಕಷ್ಟೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಾವ ಬ್ರಿಟಿಷರ ಕಾಲದಲ್ಲಿ ದಂಡಿಗೆ ಸೇರಿದವನು. ಯುದ್ಧ ಮುಗಿದ ಮೇಲೆ ಅವನ ಪಡೆಯನ್ನು ಜಪಾನಿಗೆ ಕಳಿಸಿದ್ದರಂತೆ. ಬಾಂಬು ಬಿದ್ದ ಊರಿನಲ್ಲಿ ಲಾರಿ ಓಡಿಸಿದ್ದ. ಊರಿಗೆ ಬಂದು ಬಾಡಿಗೆ ಸೈಕಲ್ ಅಂಗಡಿ ಇಟ್ಟ, ಮದುವೆಯಾದ, ಒಬ್ಬಳೇ ಮಗಳು ಹುಟ್ಟಿದಳು, ಹೆಂಡತಿ ಬೇಗ ಸತ್ತಳು. ಜಪಾನಿನಿಂದ ತಂದ ಮರದ ಗೊಂಬೆಯೊಂದು ಅವನ ಮನೆಯ ಗೂಡಿನಲ್ಲಿತ್ತು. ಬರೀ ತಲೆ, ಮೈ. ಕೈಕಾಲು ಇಲ್ಲ. ಅಲ್ಲಿ ಗೊಂಬೆ ಮಾಡುವುದೇ ಹಾಗಂತೆ. ಮಗಳು ಅದನ್ನು ಆಡಿಸುತ್ತಲೇ ಬೆಳೆದಳು.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಆ ಹುಡುಗಿಗೆ ದೇಶನೂರಿನ ಸಂಬಂಧ ಗೊತ್ತಾಗಿತ್ತು. ಎಲೆ ಅಡಿಕೆ ಆಗಿತ್ತು. ನೀರಾವರಿ ಗದ್ದೆ ಇದ್ದವರು, ಹುಡುಗನೂ ಒಳ್ಳೆಯವನು. ತಾಯಿಯಿಲ್ಲದ ಮಗಳು ಒಂದು ದಡ ಸೇರಿದರೆ ಸಾಕು ಎಂದು ಮಾವ ಹಗಲೂ ಇರುಳೂ ಅದೇ ಜಪ ಮಾಡುತ್ತಿದ್ದ.

ಆಗಲೇ ರೇಡಿಯೋದಲ್ಲಿ ಸುದ್ದಿ ಬಂತು. ನಮ್ಮ ದೇಶವೂ ಅಣುಬಾಂಬು ಸಿಡಿಸಿತು, ರಾಜಸ್ಥಾನದ ಮರಳಿನಲ್ಲಿ, ಶಾಂತಿಗಾಗಿ ಎಂದು. ನಮ್ಮತ್ತೆ ಅದನ್ನು ಕೇಳಿ, "ಯಾರ ಗ್ರಹಚಾರಕ್ಕ ಶಾಂತಿ ಮಾಡಿಸ್ಯಾರಬೇ? ದೊಡ್ಡ ಮಂದಿ, ಊದಿನಕಡ್ಡಿ ಸಾಲಲಿಲ್ಲೇನ, ಬಾಂಬ ಹಚ್ಚ್ಯಾರ?" ಅಂದಳು. ಓಣಿಯೆಲ್ಲ ನಕ್ಕಿತು.

ಬಟ್ಟೆ ಅಂಗಡಿ ಸಾಹುಕಾರ ಸೈಕಲ್ ಅಂಗಡಿಯ ಮುಂದೆ ನಿಂತು ಪೇಡೆ ಹಂಚಿದ. ಮದುವೆಯ ಜವಳಿ ನೋಡಲು ಬಂದಿದ್ದ ಬೀಗನೂ, ಹುಡುಗನ ಅಪ್ಪ, ಅಲ್ಲೇ ಬೆಂಚಿನ ಮೇಲಿದ್ದ. ನಾನು ಕೊಡ ಹೊತ್ತು ಹೋಗುವವಳು, ನಿಂತೆ.

"ತಗೋ ಮಿಲಿಟರಿ, ಬಾಯಿ ಸಿಹಿ ಮಾಡ್ಕೋ. ಇನ್ನ ಚೀನಾದವ್ರು ನಮ್ ಕಡಿ ಕಣ್ಣೆತ್ತಿ ನೋಡಂಗಿಲ್ಲ" ಅಂದ ಸಾಹುಕಾರ.

ಮಾವ ಪೇಡೆ ಮುಟ್ಟಲಿಲ್ಲ. "ಸಾವ್ಕಾರ್ರ, ಅದು ಬಿದ್ದ ಊರು ನಾ ನೋಡೀನಿ. ವರ್ಷ ಆದ್ಮ್ಯಾಲೂ ಮಂದಿ ಸಾಯ್ತಿದ್ರು. ಮೈಮ್ಯಾಲ ಒಂದು ಗಾಯ ಇಲ್ಲ, ಕೂದ್ಲ ಉದುರೋದು, ರಕ್ತ ಕಾರೋದು, ಸಾಯೋದು. ನಮ್ ಲಾರಿ ಹಿಂದ ಚಪಾತಿಗೆ ಒಂದು ಹುಡುಗಿ ಓಡಿ ಬರ್ತಿತ್ತು, ಚೆಂದನ್ನ ಹುಡುಗಿ. ಅಂಥವರ್ನ ಯಾರೂ ಮದುವಿ ಮಾಡ್ಕೊಳ್ಳಂಗಿಲ್ಲಂತ. ಹುಟ್ಟೋ ಕೂಸಿಗೂ ಆ ವಿಷ ಇಳಿತೈತಿ ಅಂತಿದ್ರು."

ಬೀಗ ಬಾಯಿಗೆ ಹಾಕಿಕೊಂಡ ಪೇಡೆಯನ್ನು ನುಂಗದೆ ಹಾಗೇ ಕೂತುಬಿಟ್ಟ...

ವಾರ ಕಳೆಯುವುದರೊಳಗೆ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಮಾವನ ಮನೆಗೆ ಬಂದ. ಚಹಾ ಕೊಡಲು ನಾನೂ ನಮ್ಮತ್ತೆಯೂ ಹೋಗಿದ್ದೆವು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು.

"ಬೀಗ್ರ, ನೀವು ಆ ಊರಿನ ನೀರು ಕುಡದೀರೇನು?" ಅಂದ ಬೀಗ.

"ಕುಡೀದ ಇರಾಕ ಆಗತೈತೇನ್ರಿ?"

"ಹಂಗಾರ ನಿಮ್ಮ ಮಗಳ ರಕ್ತದಾಗೂ ಅದು ಇರಬೇಕಲ್ಲ. ಈಕಿ ಅಲ್ಲಿಂದ ಬಂದ್ಮ್ಯಾಲ ಹುಟ್ಟಿದಾಕಿ."

ನಮ್ಮತ್ತೆ ನಡುವೆ ಬಾಯಿ ಹಾಕಿದಳು. "ಒಂದು ಶಾಂತಿ ಮಾಡಿಸಿದ್ರ ಹೋಗತೈತಿ ಬಿಡ್ರಿ."

"ಶಾಂತಿಗೆ ಶನಿ ಬಿಡತಾನಬೇ ಯಮ್ಮಾ, ಇದು ಬಿಡಂಗಿಲ್ಲ. ಕೂಸಿನ ತನಕ ಬರತೈತಿ ಅಂತ ಇವ್ರ ಹೇಳ್ಯಾರ."

ಮಾವ ಬಾಗಿಲ ಕಡೆ ನೋಡಿದ. ಆಮೇಲೆ ನಕ್ಕ. ಅಂಥ ಕೆಟ್ಟ ನಗೆಯನ್ನು ನಾನು ಮತ್ತೆ ಕಂಡಿಲ್ಲ.

"ನಾ ಎಲ್ಲಿ ಜಪಾನ್ ನೋಡೀನ್ರಿ? ಪುಣೆದಾಗ ದಂಡಿನ ಅಡಿಗಿಮನ್ಯಾಗ ಆಲೂಗಡ್ಡಿ ಸುಲಿತಿದ್ದೆ. ಅಂಗಡ್ಯಾಗ ಹೊತ್ತು ಹೋಗಂಗಿಲ್ಲ, ಕತಿ ಕಟ್ಟೀನಿ."

ಬೀಗ ಚಹಾ ಕುಡಿದು ಮುಗಿಸಿದ. "ಇಲ್ಲಿ ಹೇಳಿದ್ರ ಆಗಂಗಿಲ್ಲ. ಅಂಗಡಿ ಮುಂದ ಮಂದಿಯೊಳಗ ಹೇಳಿದ್ರಿ, ಅಲ್ಲೇ ಹೇಳ್ರಿ. ನಮ್ಮೂರಾಗೂ ಕೇಳವ್ರು ಅದಾರ."

ಮಾವ ಎದ್ದ, ಬೂಟು ಹಾಕಿಕೊಂಡ, ಹೋದ. ಸೈಕಲ್ ಅಂಗಡಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ, ನಾನು ಜಪಾನಿಗೆ ಹೋಗಿಲ್ಲ, ಬರೀ ಸುಳ್ಳು ಹೇಳಿದೆ ಎಂದ. ಸಾಹುಕಾರ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ, ಇಷ್ಟು ವರ್ಷ ನಮ್ಮನ್ನ ಮಂಗ್ಯಾ ಮಾಡಿದ್ಯಲ್ಲೋ ಆಲೂಗಡ್ಡಿ ಮಿಲಿಟರಿ!" ಆ ಹೆಸರು ಅಂದಿನಿಂದ ಅವನಿಗೆ ಅಂಟಿತು. ಸೈಕಲ್ ಬಾಡಿಗೆಗೆ ಬರುವ ಪೋರರೂ ಹಾಗೇ ಕರೆದರು.

ಮನೆಗೆ ಬಂದವನೇ ಗೂಡಿನಲ್ಲಿದ್ದ ಗೊಂಬೆಯನ್ನು ನೀರೊಲೆಗೆ ಹಾಕಿದ. ಹುಡುಗಿ ತಡೆಯಲಿಲ್ಲ. ಆ ನೀರಿನಲ್ಲೇ ತಲೆಗೆ ಎರೆದುಕೊಂಡಳು.

ಮದುವೆ ಆಯಿತು. ಚೊಚ್ಚಲ ಬಾಣಂತನಕ್ಕೆ ತವರಲ್ಲಿ ಹೆಣ್ಣುದಿಕ್ಕಿಲ್ಲವೆಂದು ದೇಶನೂರಿನಲ್ಲೇ ಉಳಿಸಿಕೊಂಡರು. ಕೂಸು ಹುಟ್ಟಿದ ಸುದ್ದಿ ಬಂದಾಗ ಬಾಣಂತಿಯ ಉಂಡೆಗೆಂದು ಒಣಕೊಬ್ಬರಿ, ಅಂಟು ಕಟ್ಟಿಕೊಂಡು ನಾನೂ ಮಾವನ ಜೊತೆ ಸಿರುಗುಪ್ಪದ ಬಸ್ಸು ಹತ್ತಿದೆ. ಹೋದವನೇ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡ. ಮುಖ ನೋಡಲಿಲ್ಲ. ಸುತ್ತಿದ ಬಟ್ಟೆ ಬಿಚ್ಚಿ ಕೈಬೆರಳು ಎಣಿಸಿದ, ಕಾಲ್ಬೆರಳು ಎಣಿಸಿದ, ಮತ್ತೆ ಮೊದಲಿನಿಂದ ಎಣಿಸಿದ.

ಬೀಗ ಕಂಬಕ್ಕೆ ಒರಗಿ ನೋಡುತ್ತಿದ್ದ. "ಏನ್ ಬೀಗ್ರ, ಆಲೂಗಡ್ಡಿ ಎಣಿಸಿದಂಗ ಎಣಿಸ್ತೀರಿ?"

ಆಲೂಗಡ್ಡಿ ಮಾತು ಸುಳ್ಳೆಂದು ಬೀಗನಿಗೂ ಮೊದಲಿಂದ ಗೊತ್ತಿತ್ತು. ಮಂದಿಯ ಬಾಯಿಗೆ ಒಂದು ಸುಳ್ಳು ಬೇಕಾಗಿತ್ತು, ಅಷ್ಟೆ. ಕೂಸು ಗಟ್ಟಿಮುಟ್ಟಾಗಿತ್ತು. ಮುಂದೆ ಹುಟ್ಟಿದವೂ ಹಾಗೇ. ಆದರೂ ಪ್ರತಿ ಸಲ ಮಾವ ಎಣಿಸುತ್ತಿದ್ದನಂತೆ...

ಎಂಬತ್ತರ ದಶಕದಲ್ಲಿ ಅಮೆರಿಕಾ, ರಷ್ಯಾ ಒಂದರ ಮೇಲೊಂದು ಬಾಂಬು ಹಾಕಿಕೊಳ್ಳುತ್ತವೆ, ಜಗತ್ತೇ ಸುಡುತ್ತದೆ ಎಂದು ಊರಲ್ಲಿ ಪೇಪರು ಓದಿ ಗುಲ್ಲೆಬ್ಬಿಸಿದರು. ಮುದುಕನಾಗಿದ್ದ ಸಾಹುಕಾರನೇ ಹೆದರಿ ಬಂದು ಕೇಳಿದ, "ಮಿಲಿಟರಿ, ಖರೇ ಹೇಳು, ಅದು ಬಿದ್ರ ಹೆಂಗಿರತೈತಿ?" ಮಾವ ಪಂಕ್ಚರ್ ಹಾಕುತ್ತಿದ್ದವನು ತಲೆ ಎತ್ತಲಿಲ್ಲ. "ಆಲೂಗಡ್ಡಿ ರೇಟ್ ಕೇಳ್ರಿ, ಹೇಳ್ತೀನಿ." ಆ ವರ್ಷವೋ ಮುಂದಿನ ವರ್ಷವೋ ಸತ್ತ. ಕುರುಗೋಡಿನ ಗುಡ್ಡದ ಬುಡದಲ್ಲಿ ಮಣ್ಣು ಮಾಡಿದರು.

ಈಗ ನಾನು ಬಳ್ಳಾರಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಟಿವಿಯಲ್ಲಿ ಯುದ್ಧದ ಸುದ್ದಿ ಬಂದರೆ ಅಳಿಯ ತಟ್ಟೆ ಹಿಡಿದುಕೊಂಡು ಬಂದು ಕೂರುತ್ತಾನೆ. ಮೊನ್ನೆ, "ಒಂದ ಬಾಂಬ್ ಹಾಕಿ ಮುಗಿಸಿಬಿಡಬೇಕು ನೋಡತ್ತಿ" ಅಂದ. ನಾನು ಮಾವನ ಮಾತು ತೆಗೆದೆ. ಕೂದಲು ಉದುರಿದ್ದು, ರಕ್ತ ಕಾರಿದ್ದು, ಎಲ್ಲ ಹೇಳಿದೆ.

ಅಳಿಯ ದೇಶನೂರಿನ ಕಡೆಯವನೇ. ಮಾವನ ಮೊಮ್ಮಗ ಅವನ ಗೆಳೆಯ.

"ಅವರಜ್ಜನಾ? ಅಂವ ಬರೀ ಸುಳ್ಳ ಹೇಳ್ತಿದ್ನಂತಲ್ಲತ್ತಿ. ಮೊಮ್ಮಗನ ಹೇಳ್ಯಾನ" ಅಂದು ರೊಟ್ಟಿ ಮುರಿದ.