ಸುಕುಮಾರನ ಬ್ಯಾಟರಿಯ ವಯಸ್ಸು

ಸುಕುಮಾರ ಮಾರಿದ ಬ್ಯಾಟರಿ ಹೊಸದೇ ಆಗಿತ್ತು. ಅದನ್ನು ಹಳೆಯದು ಎಂದವನು ನಾನು. ಹೇಳುವಾಗ ಗೊತ್ತಿರಲಿಲ್ಲ, ಅದು ತಪ್ಪು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ — ಅದಕ್ಕೆ ಯಾವ ಹೆಸರು ಕೊಡಬೇಕೋ, ಓದುವವರೇ ಕೊಡಲಿ.

೨೦೦೭ರ ಬೇಸಿಗೆ. ಗೋಕಾಕದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಹುಕ್ಕೇರಿಯಲ್ಲಿ ಗೆಳೆಯ ಸುಕುಮಾರನದು ಬಿಡಿಭಾಗ ಮಾರುವ ಅಂಗಡಿ. ಲ್ಯಾಪ್‌ಟಾಪ್ ಬ್ಯಾಟರಿಯ ಸೀರಿಯಲ್ ನಂಬರ್ ನೋಡಿ ಅದರ ವಯಸ್ಸು ಹೇಳುವ ವಿದ್ಯೆ ಈ ಭಾಗದಲ್ಲಿ ನನಗೊಬ್ಬನಿಗೇ ಗೊತ್ತು ಎಂಬ ಜಂಬ ನನಗೆ. ಗೊತ್ತಿದ್ದದ್ದು ಒಂದೇ ಕಂಪನಿಯ ರೀತಿ: ಮೊದಲ ಎರಡು ಅಂಕಿ ಇಸವಿ, ಮುಂದಿನವು ವಾರ. ಅಷ್ಟನ್ನೇ ಹಿಡಿದುಕೊಂಡು ಎಲ್ಲ ಕಂಪನಿಗಳ ಜಾತಕವನ್ನೂ ಹೇಳುತ್ತಿದ್ದೆ. ಅರ್ಧ ತುಂಬಿದ ಕೊಡ ತುಳುಕಿದಷ್ಟು ತುಂಬಿದ ಕೊಡ ತುಳುಕುವುದಿಲ್ಲ.

ಮೂಡಲಗಿಯ ಅಪ್ಪಾಸಾಹೇಬ ಕಾಕಾ ಕಾಳಿನ ವ್ಯಾಪಾರಿ. ಮಗಳು ಪದ್ಮಾಳನ್ನು ಸುಕುಮಾರನಿಗೆ ಕೊಡುವ ಮಾತು ನಡೆದಿತ್ತು. ಹುಡುಗಿಗೆ ಮನಸ್ಸಿತ್ತು, ಸುಕುಮಾರನಿಗಂತೂ ಮೂಡಲಗಿ ಬಸ್ಸುಗಳ ವೇಳೆಯೆಲ್ಲ ಬಾಯಿಪಾಠ. ಆದರೆ ಕಾಕಾರ ಮನೆತನದಲ್ಲೊಂದು ಪದ್ಧತಿ — ಹೂಂ ಅನ್ನುವ ಮೊದಲು ಹುಡುಗನ ಅಂಗಡಿಯಿಂದ ಏನಾದರೂ ಕೊಂಡು ಪರೀಕ್ಷಿಸುವುದು. ಅವರು ತಮ್ಮ ಲ್ಯಾಪ್‌ಟಾಪಿಗೆ ಬ್ಯಾಟರಿ ಕೊಂಡಿದ್ದರು. ಕರೆಂಟ್ ಹೋದರೆ ಅದು ಅರ್ಧ ತಾಸೂ ತಡೆಯುತ್ತಿರಲಿಲ್ಲ. ತೆಗೆದುಕೊಂಡು ನನ್ನ ಹತ್ತಿರ ಬಂದರು.

"ಹುಡುಗನ ಮಾರಿ ಎಲ್ಲಾರೂ ನೋಡ್ತಾರ. ನಾವು ತಕ್ಕಡಿ ನೋಡಾವ್ರು. ಇದು ಯಾವಾಗಿಂದೈತಿ, ಖರೆ ಹೇಳಪಾ," ಎಂದರು.

ನಂಬರಿನ ಮೊದಲಿಗೆ ೦೩ ಎಂದಿತ್ತು. ಅವರ ಯಂತ್ರವನ್ನು ಬಿಚ್ಚಿ ನೋಡಲಿಲ್ಲ. ಕಾಳಿನ ಧೂಳು ತುಂಬಿ, ಬಿಸಿಯೇರಿ, ಆ ಯಂತ್ರವೇ ಬ್ಯಾಟರಿಯನ್ನು ಹೀರುತ್ತಿರಬಹುದು ಎಂದು ಹೊಳೆಯಲೂ ಇಲ್ಲ. ಕೇಳಿದ ತಕ್ಷಣ ಹೇಳಿದರೆ ತಾನೇ ವಿದ್ಯೆಗೆ ಬೆಲೆ!

"ಕಾಕಾ, ಇದು ಎರಡು ಸಾವಿರದ ಮೂರನೇ ಇಸವಿದು ಐತ್ರಿ. ಹಳೇ ಮಾಲು."

ಕಾಕಾ ಬ್ಯಾಟರಿಯನ್ನು ವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

ಕೆಲವು ದಿನಗಳ ಮೇಲೆ ಸಾಮಾನು ತರಲು ಬೆಳಗಾವಿಗೆ ಹೋದಾಗ, ಡೀಲರನ ಮುಂದೆಯೂ ಅದೇ ಕಂಪನಿಯ ಬ್ಯಾಟರಿ ಹಿಡಿದು ಇದೇ ಪಾಂಡಿತ್ಯ ತೋರಿಸಿದೆ. ಆತ ನಕ್ಕ. "ಈ ಕಂಪನಿದು ಹಂಗ ಓದಾಂಗಿಲ್ರಿ. ಮೊದಲಿಂದು ಫ್ಯಾಕ್ಟರಿ ನಂಬರ್. ಇಸವಿ, ವಾರ ಎಲ್ಲಾ ಕಡೀಕಿರ್ತಾವು."

ಕಾಕಾರ ಬ್ಯಾಟರಿಯ ಕೊನೆಯ ಅಂಕಿಗಳು ೬೩೧. ನನಗೆ ಅಷ್ಟು ಮರ್ಯಾದೆ ತಂದ ನಂಬರನ್ನು ಮರೆತಿರಲಿಲ್ಲ. ಆರನೇ ಇಸವಿಯ ಮೂವತ್ತೊಂದನೇ ವಾರ — ಅಂದರೆ ಹಿಂದಿನ ಶ್ರಾವಣದ್ದು. ಹೊಚ್ಚ ಹೊಸ ಮಾಲು.

ಆಗಿನ್ನೂ ಕಾಕಾ ಸಂಬಂಧ ಬೇಡವೆಂದು ಹೇಳಿ ಕಳಿಸಿರಲಿಲ್ಲ. ಊರಿಗೆ ಬಂದವನೇ ಫೋನ್ ಮಾಡಿದೆ. "ಯಾರ್ರಿ?" ಎಂದರು. ಮಾತು ನಾಲಿಗೆಯ ತುದಿಗೆ ಬಂದಿತ್ತು — ಆದರೆ ಒಮ್ಮೆ ಸುಳ್ಳಾದ ವಿದ್ಯೆಯನ್ನು ಮುಂದೆ ಯಾರು ನಂಬುತ್ತಾರೆ...

"ಏನಿಲ್ರಿ ಕಾಕಾ, ಆರಾಮ ಅದೀರಿಲ್ಲೋ ಅಂತ ಕೇಳಾಕ ಮಾಡಿದ್ನಿ."

ಮದುವೆಯ ಮಾತು ಮುರಿಯಿತು. ಪದ್ಮಾಳನ್ನು ಸಾಂಗಲಿ ಕಡೆ ಕೊಟ್ಟರು. ಕಾಕಾರಿಂದ ಕಾರಣ ತಿಳಿದ ಮೇಲೂ ಸುಕುಮಾರ ನನ್ನ ಮೇಲೆ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅವನು ನನ್ನ ಮಾತನ್ನೇ ನಂಬಿದ — ತನಗೆ ಮಾಲು ಕೊಟ್ಟವನು ಮೋಸ ಮಾಡಿದ, ತಾನು ನೋಡದೆ ಮಾರಿದೆ ಎಂದು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮ ಜೈನರಲ್ಲಿ ಕ್ಷಮಾವಾಣಿ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ದಿನ. ಅವತ್ತು ಸುಕುಮಾರ ಹುಕ್ಕೇರಿಯಿಂದ ನನ್ನ ಮನೆಗೆ ಬಂದ. ಕೈ ಮುಗಿದ.

"ನೀ ಇದ್ದದ್ದು ಇದ್ದಂಗ ಹೇಳಿದಿ. ಆದ್ರೂ ನಾ ಮನಸಿನ್ಯಾಗ ನಿನ್ನ ಭಾಳ ಬೈದೆ. ಕ್ಷಮಾ ಇರ್ಲಿ."

ನಾನೂ ಕೈ ಮುಗಿದೆ. "ಕ್ಷಮಾ ಐತಿ ಬಿಡೋ," ಅಂದೆ. ಚಹಾ ಕುಡಿಸಿ ಕಳಿಸಿದೆ.

ಈಗ ಅವನಿಗೆ ಬೇರೆ ಸಂಸಾರವಿದೆ, ಮಕ್ಕಳಿದ್ದಾರೆ, ಸುಖವಾಗಿಯೇ ಇದ್ದಾನೆ. ಎಷ್ಟೋ ವರ್ಷ ಇದನ್ನೇ ನನಗೆ ನಾನು ಹೇಳಿಕೊಂಡೆ. ಅವನ ಸುಖ ಅವನ ಗಳಿಕೆ. ಅದರಲ್ಲಿ ನನಗೆ ಪಾಲಿಲ್ಲ. ಪ್ರತಿ ವರ್ಷ ಕ್ಷಮಾವಾಣಿಯ ದಿನ ಅವನು ಮನೆಗೆ ಬರುತ್ತಾನೆ, ನಾನೂ ಅವನ ಮುಂದೆ ಕೈ ಮುಗಿಯುತ್ತ ಬಂದಿದ್ದೇನೆ, "ತಿಳಿದೋ ತಿಳಿಯದೆಯೋ" ಎನ್ನುತ್ತ. ಆ ಎರಡು ಶಬ್ದಗಳ ಸಂದಿಯಲ್ಲಿ ಅಡಗಿಕೊಳ್ಳುವುದು ಎಷ್ಟು ಸುಲಭ.

ಈ ವರ್ಷ ಅವನು ಮನೆ ಬಿಡುವ ಮೊದಲೇ ನಾನು ಹುಕ್ಕೇರಿಗೆ ಹೋಗುತ್ತೇನೆ. ಬ್ಯಾಟರಿ ಹೊಸದಿತ್ತು ಎನ್ನುತ್ತೇನೆ, ನನಗೆ ಗೊತ್ತಿತ್ತು ಎನ್ನುತ್ತೇನೆ. ಕ್ಷಮೆ ಕೇಳುವುದು ಆಮೇಲಿನ ಮಾತು. ಮೊದಲು, ಅವತ್ತು ನಾನು ಅವನಿಗೆ ಕೊಟ್ಟ ಕ್ಷಮೆಯನ್ನು ವಾಪಸು ತೆಗೆದುಕೊಳ್ಳಬೇಕು.