ಗುರುಚರಣರ ಹಿತ್ತಿಲಿನ ಒಂದೇ ಕುಳಿ

ನಮ್ಮ ಬೀದಿಯ ನಿವಾಸಿಗಳ ಸಂಘವು ಕಳೆದ ತಿಂಗಳು ಹೊರಡಿಸಿದ ವಾರ್ತಾಪತ್ರದಲ್ಲಿ, 'ಮಾಜಿ ಗಾಲ್ಫ್ ಆಟಗಾರ ಗುರುಚರಣ ಅವರು ಕೀಲ್ಪಾಕ್‌ನ ತಮ್ಮ ಮನೆಯಲ್ಲಿ ಗಾಲ್ಫ್ ಮೈದಾನ ನಿರ್ಮಿಸಿಕೊಂಡು ನಿವೃತ್ತಿಯನ್ನು ಆನಂದಿಸುತ್ತಿದ್ದಾರೆ' ಎಂದು ಅಚ್ಚಾಗಿದೆ. ಒಂದು ವಾಕ್ಯ, ಮೂರು ತಪ್ಪು. ಅವರು ಎಂದೂ ಆಟಗಾರರಾಗಿರಲಿಲ್ಲ. ನಿರ್ಮಿಸಿದ್ದು ಮೈದಾನವಲ್ಲ, ಇಪ್ಪತ್ತನಾಲ್ಕು ಅಡಿ ಉದ್ದ, ಹನ್ನೊಂದು ಅಡಿ ಅಗಲದ ಕೃತಕ ಹುಲ್ಲಿನ ಹಾಸು. ಅದರಲ್ಲಿರುವುದು ಒಂದೇ ಕುಳಿ. ಮೂರನೆಯ ತಪ್ಪು 'ಆನಂದಿಸುತ್ತಿದ್ದಾರೆ' ಎಂಬುದು. ಆ ಹಿತ್ತಿಲಿಗೆ ತೆರೆಯುವ ಪಕ್ಕದ ಮನೆಯ ಮಹಡಿಯ ಕಿಟಕಿಯ ಬಳಿ ಹದಿನಾಲ್ಕು ವರ್ಷದಿಂದ ಕುಳಿತಿರುವ ನನ್ನನ್ನು ಒಂದು ಮಾತು ಕೇಳಬಹುದಾಗಿತ್ತು. ಯಾರೂ ಕೇಳಲಿಲ್ಲ.

ಗುರುಚರಣರು ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಮೂವತ್ತಮೂರು ವರ್ಷ ಗುಮಾಸ್ತರಾಗಿದ್ದರು. ಯಾರು ಎಷ್ಟು ಗಂಟೆಗೆ ಆಟ ಆರಂಭಿಸಬೇಕೆಂದು ಬರೆದಿಡುವುದು ಅವರ ಕೆಲಸ. ನೌಕರರು ಹುಲ್ಲಿನ ಮೇಲೆ ಕಾಲಿಡುವಂತಿರಲಿಲ್ಲ. ಆದರೆ ಅವರ ಕೋಣೆಯ ಕಿಟಕಿಯಿಂದ ಕೊನೆಯ ಕುಳಿ ಸ್ಪಷ್ಟವಾಗಿ ಕಾಣುತ್ತಿತ್ತು, ಅಲ್ಲಿನ ಮಾತೂ ಕೇಳುತ್ತಿತ್ತು. ಚೆಂಡು ಕುಳಿಯ ತೀರಾ ಸಮೀಪ ಬಂದು ನಿಂತರೆ, ಎದುರಾಳಿ 'ತಗೊಳ್ಳಿ' ಎನ್ನುವ ಪದ್ಧತಿ ಆ ಆಟದಲ್ಲಿದೆ. ನೀನು ಇದನ್ನು ತಪ್ಪಿಸುವವನಲ್ಲ ಎಂದು ಅದರ ಅರ್ಥ. ಆಗ ಚೆಂಡು ಒಳಗೆ ಬಿದ್ದಂತೆಯೇ ಲೆಕ್ಕ. ತನಗೆ ತಾನೇ ಹಾಗೆ ಹೇಳಿಕೊಳ್ಳಲು ಅವಕಾಶವಿಲ್ಲ.

ಅವರು ಮದುವೆಯಾಗಲಿಲ್ಲ. ಜೊತೆಗಿದ್ದ ಅಕ್ಕ ಅಂಬುಜಮ್ಮ 2022ರ ಆಗಸ್ಟ್‌ನಲ್ಲಿ ತೀರಿಕೊಂಡರು. ಮುಂದಿನ ಫೆಬ್ರವರಿಯಲ್ಲಿ ಹಿತ್ತಿಲು ಅಗೆಯುವ ಸದ್ದು ಕೇಳಿ ನಾನು ಕಿಟಕಿ ತೆರೆದೆ. ಅಂಬುಜಮ್ಮನವರ ಬಟ್ಟೆ ಒಗೆಯುವ ಕಲ್ಲನ್ನು ಗೋಡೆಯ ಮೂಲೆಗೆ ಸರಿಸಿದ್ದರು. ಆರು ಅಂಗುಲ ಮಣ್ಣು ತೆಗೆದು, ಜಲ್ಲಿ ಸುರಿದು, ಅದರ ಮೇಲೆ ಕಲ್ಲಿನ ಪುಡಿ ಹರಡಿ ಯಂತ್ರದಿಂದ ಅದುಮುತ್ತಿದ್ದರು. ನಾನು ರೈಲ್ವೆಯಲ್ಲಿ ಹಳಿಗಳ ಇನ್ಸ್‌ಪೆಕ್ಟರ್ ಆಗಿದ್ದವನು. ಜಲ್ಲಿಯ ಕೆಲಸ ಕಂಡರೆ ಸುಮ್ಮನಿರಲಾರೆ. ನೆಲದ ಮಟ್ಟ ನೋಡುವ ರಸಮಟ್ಟ ಹಿಡಿದು ಕೆಳಗಿಳಿದೆ. ಗುತ್ತಿಗೆದಾರ ವಿಘ್ನೇಶ್ ಬಹಳ ಹೆಮ್ಮೆಯಿಂದ, ಗೋಲಿ ಇಟ್ಟರೂ ಉರುಳದಷ್ಟು ಸಮತಟ್ಟು ಮಾಡಿದ್ದೇನೆಂದು ತಮಿಳಿನಲ್ಲಿ ಹೇಳಿದ.

"ಅದೇಪ್ಪಾ ತೊಂದ್ರೆ. ಒಂಚೂರು ವಾಲದಿದ್ರೆ ಆಟ ಏನ್ ಬಂತು?" ಎಂದರು ಗುರುಚರಣರು.

ಐವತ್ತಕ್ಕೆ ಒಂದರ ಇಳಿಜಾರು ಕೊಡಿಸಿದೆ. ಮಳೆನೀರಿಗೂ ಅದು ಅಗತ್ಯ. ಹುಲ್ಲು ಹಾಸಿ, ಎಳೆಗಳ ನಡುವೆ ಸಣ್ಣ ಮರಳು ಉದುರಿಸಿ, ಪೊರಕೆಯಿಂದ ಉಜ್ಜಿ, ನಾಲ್ಕೂಕಾಲು ಅಂಗುಲ ಅಗಲದ ಕುಳಿಯಲ್ಲಿ ಬಟ್ಟಲು ಕೂರಿಸುವಷ್ಟರಲ್ಲಿ ಐದು ದಿನ ಆಯಿತು.

ಚೆಂಡನ್ನು ಮೆಲ್ಲನೆ ತಳ್ಳುವ ಚಪ್ಪಟೆ ತಲೆಯ ಕೋಲಿಗೆ ಪಟರ್ ಎನ್ನುತ್ತಾರೆ. ಅವರು ಎರಡು ಪಟರ್ ತರಿಸಿದ್ದರು. ಪ್ರತಿ ಸಂಜೆ ಐದಕ್ಕೆ ಒಂದನ್ನು ಕೈಯಲ್ಲಿ ಹಿಡಿದು, ಇನ್ನೊಂದನ್ನು ಒಗೆಯುವ ಕಲ್ಲಿಗೆ ಒರಗಿಸುತ್ತಿದ್ದರು. ಐದು ತಿಂಗಳು ಆ ಎರಡನೆಯದರ ಪ್ಲಾಸ್ಟಿಕ್ ಹೊದಿಕೆ ಬಿಚ್ಚಲಿಲ್ಲ. ಬೀದಿಯವರು ಗೋಡೆಯಾಚೆಯಿಂದ ಇಣುಕಿ ನಕ್ಕು ಹೋಗುತ್ತಿದ್ದರು. ನಾನೂ ನೋಡುತ್ತಿದ್ದೆ, ಇಳಿಯಲಿಲ್ಲ. ಗುರುಚರಣರ ಕೈ ನಡುಗುತ್ತಿತ್ತು. ದೂರದ ಹೊಡೆತ ಸರಿಯಾಗಿ ಹೋಗುತ್ತಿತ್ತು; ಒಂದು ಗೇಣು ದೂರದ್ದು ತಪ್ಪುತ್ತಿತ್ತು. ಇಪ್ಪತ್ತಕ್ಕೆ ಏಳು ತಪ್ಪಿದ್ದನ್ನು ಎಣಿಸಿದ್ದೇನೆ.

ಜುಲೈನಲ್ಲಿ ಅವರೇ ತಲೆಯೆತ್ತಿ ನನ್ನನ್ನು ಕರೆದರು. ಹೊದಿಕೆಯನ್ನು ನಾನೇ ಬಿಚ್ಚಿದೆ. ಮೊದಲ ದಿನವೇ ಅವರ ಚೆಂಡು ಕುಳಿಯಿಂದ ಒಂದು ಗೇಣು ದೂರ ನಿಂತಿತು. ಅವರು ಹೊಡೆಯದೆ ನನ್ನ ಮುಖ ನೋಡಿದರು. ಕಾರಣ ಕೇಳಿದಾಗ ಆ ಪದ್ಧತಿಯನ್ನು ವಿವರಿಸಿ, ತಗ್ಗಿದ ದನಿಯಲ್ಲಿ, "ಮೂವತ್ತಮೂರು ವರ್ಷ ಕಿಟಕೀಲಿ ಕೂತು ಕೇಳಿದೀನಿ ರಾಯರೇ. ನನಗೇಂತ ಒಂದ್ಸಲ ಕೇಳ್ಬೇಕು," ಎಂದರು.

"ಚೆಂಡು ಇನ್ನೂ ಹೊರಗಿದೆಯಲ್ಲ," ಎಂದೆ ನಾನು.

ಹಳಿಗಳ ನಡುವೆ ಅರ್ಧ ಅಂಗುಲವನ್ನೂ ಕ್ಷಮಿಸದೆ ಬದುಕಿದವನ ಉತ್ತರ ಅದು. ರೈಲ್ವೆಯವರ ಹತ್ತಿರ ಕೇಳಿದ್ದು ತಮ್ಮದೇ ತಪ್ಪೆಂದು ಅವರು ನಕ್ಕರು, ಹೊಡೆದರು, ತಪ್ಪಿತು.

ಎರಡು ವಾರದ ಬಳಿಕ ನಡುಕ ಹೆಚ್ಚಾಗಿದ್ದ ಒಂದು ಸಂಜೆ ನೋಡಲಾರದೆ 'ತಗೊಳ್ಳಿ' ಎಂದುಬಿಟ್ಟೆ. ಅವರು ಚೆಂಡನ್ನು ಎತ್ತಿಕೊಳ್ಳದೆ ನೆಟ್ಟಗೆ ನಿಂತರು.

"ಕೈ ನೋಡಿ ಹೇಳಿದ್ರಿ ನೀವು. ಚೆಂಡು ನೋಡಿ ಹೇಳ್ಲಿಲ್ಲ. ಬೇಡ."

ಆ ಮಾತು ನಿಜವಾಗಿತ್ತು; ಅದಕ್ಕೇ ನನಗೆ ಕೋಪ ಬಂತು. ಹನ್ನೊಂದು ದಿನ ನಾನು ಇಳಿಯಲಿಲ್ಲ. ಅವರು ಹನ್ನೊಂದು ಸಂಜೆಯೂ ಎರಡನೆಯ ಪಟರನ್ನು ಕಲ್ಲಿಗೆ ಒರಗಿಸಿಟ್ಟರು, ಕತ್ತಲಾಗುವಾಗ ಒಳಗೆ ಒಯ್ದರು. ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ. ನನ್ನ ಮನೆಯಲ್ಲೂ ಮಾತಾಡುವವರು ಯಾರೂ ಇಲ್ಲವೆಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಹನ್ನೆರಡನೆಯ ದಿನ ಇಳಿದೆ. ಅವರು ಕೋಲು ಕೊಟ್ಟರು. ಮೂರನೆಯ ಸುತ್ತಿನಲ್ಲಿ, ಇಪ್ಪತ್ತು ಅಡಿ ದೂರದಿಂದ ಅವರು ತಳ್ಳಿದ ಚೆಂಡು ನಾನು ಕೊಡಿಸಿದ್ದ ಇಳಿಜಾರಿನಲ್ಲೇ ಬಾಗಿ ಬಂದು ಕುಳಿಯ ಅಂಚಿನಲ್ಲಿ ನಿಂತಿತು. ನಾನು ಮೊಣಕಾಲೂರಿ ನೋಡಿದೆ. ನಡುವೆ ಒಂದು ಬೆರಳಿನ ಅಂತರ. ಯಾವ ಕೈಯೂ ಅದನ್ನು ತಪ್ಪಿಸಲಾರದು.

"ತಗೊಳ್ಳಿ," ಎಂದೆ.

ಅವರು ಅಲುಗಲಿಲ್ಲ. "ಏನ್ ನೋಡಿ ಹೇಳಿದ್ರಿ?"

"ಚೆಂಡು."

ಗುರುಚರಣರು ಬಾಗಿ ಚೆಂಡನ್ನು ಎತ್ತಿಕೊಂಡರು, ಪಂಚೆಯ ತುದಿಯಲ್ಲಿ ಒರೆಸಿದರು. ಅದನ್ನು ಹಿಡಿದುಕೊಂಡೇ, ಯಾರಿಗೋ ಹೇಳಲು ಹೋಗುವವರಂತೆ, ಬೇಗ ಬೇಗ ಅಡುಗೆಮನೆಯ ಬಾಗಿಲವರೆಗೆ ನಡೆದರು. ಹೊಸ್ತಿಲ ಬಳಿ ನಿಂತರು. ಒಳಗೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಿಂದಿರುಗಿ ಬಂದು, ಅಷ್ಟರಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತಿದ್ದ ನನ್ನ ಪಕ್ಕದಲ್ಲಿ ಕುಳಿತು, ಚೆಂಡನ್ನು ನನ್ನ ಅಂಗೈಯಲ್ಲಿಟ್ಟರು.

"ಈಗ ನಿಮ್ಮ ಸರದಿ ರಾಯರೇ," ಎಂದರು.