ಹದಿನೈದನೆಯ ಕೋಲು

ಅವನು ಗಾಲ್ಫ್ ಪಂದ್ಯದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ, ಅದಕ್ಕೇ ಮೇಲೆ ಬರಲಿಲ್ಲ ಎಂಬ ಮಾತು ಕ್ಷೌರದಂಗಡಿಯ ಕುರ್ಚಿಯವರೆಗೂ ಹಬ್ಬಿದೆ. ನಿಜದಲ್ಲಿ ಅವನನ್ನು ಯಾರೂ ಹಿಡಿಯಲಿಲ್ಲ. ತನ್ನನ್ನು ತಾನೇ ಹಿಡಿದುಕೊಟ್ಟ.

ಈ ಆಟದಲ್ಲಿ ಚೀಲದೊಳಗೆ ಹದಿನಾಲ್ಕಕ್ಕಿಂತ ಹೆಚ್ಚು ಕೋಲುಗಳಿರಬಾರದು. ವೃತ್ತಿಪರರ ಸರಣಿಗೆ ಯಾರು ಅರ್ಹರೆಂದು ತೀರ್ಮಾನವಾಗುವ ಕೊನೆಯ ದಿನ, ಎರಡನೆಯ ಗುಳಿ ಮುಗಿಸಿ ಟವೆಲ್ಲಿಗಾಗಿ ಕೈಹಾಕಿದಾಗ, ಚೆಂಡನ್ನು ಗುಳಿಗೆ ಉರುಳಿಸುವ ಕೋಲು, ಅವನ ಹಳೆಯ ಪಟರ್, ಹದಿನೈದನೆಯದಾಗಿ ಬೆರಳಿಗೆ ತಾಗಿತು. ಚೀಲ ಹೊತ್ತಿದ್ದವನು ಅಕ್ಕನ ಗಂಡ. ಕೋಲು ಎಣಿಸಿ ತುಂಬುವುದು ಅವನದೇ ಕೆಲಸ.

"ಇದು ಇಲ್ಲಿಗೆ ಹೇಗೆ ಬಂತು, ಭಾವ?"

"ನಿನ್ನೆ ಚೆಂಡು ಗುಳಿ ಬಾಯಿಗೆ ಬಂದು ಬಂದು, ಮುನಿಸ್ಕೊಂಡ ಬೀಗರ ಹಾಗೆ ವಾಪಸ್ ಹೋಗ್ತಿತ್ತಲ್ಲ. ಬೆಳಿಗ್ಗೆ ಅಭ್ಯಾಸಕ್ಕೆ ಇರ್ಲಿ ಅಂತ ಹಾಕ್ದೆ, ತೆಗೆಯೋದು ಮರ್ತೆ ಕಣೋ." ಭಾವ ದನಿ ತಗ್ಗಿಸಿದ. "ಬಿಡು, ಪೊದೆಗೆ ತೂರಿಸ್ಬಿಡ್ತೀನಿ. ಯಾರೂ ನೋಡಿಲ್ಲ."

"ನಾನು ನೋಡಿದೀನಲ್ಲ."

"ನಿನ್ನ ಸತ್ಯ ಕಟ್ಕೊಂಡು ಉಪ್ಪು ಹಾಕಿ ನೆಕ್ತೀಯೇನೋ?"

ಅವನು ಕೈಯೆತ್ತಿ ರೆಫರಿಯನ್ನು ಕರೆದ. ಆಡಿದ ಎರಡೂ ಗುಳಿಗಳಿಗೆ ಸೇರಿಸಿ ನಾಲ್ಕು ಹೊಡೆತಗಳ ದಂಡ ಬಿತ್ತು. ಸಂಜೆ ಅರ್ಹತೆ ತಪ್ಪಿದ್ದು ಮೂರು ಹೊಡೆತಗಳಿಂದ. ರೆಫರಿ ಕೈಕುಲುಕಿ ಮೆಚ್ಚಿದ. ಆ ಮೆಚ್ಚುಗೆಯಿಂದ ಹೊಸ ಬೂಟೂ ಬರಲಿಲ್ಲ.

ಕೋಲು ಎಣಿಸಲು ಮರೆತವನಿಗೆ ಯಾವ ಆಟಗಾರ ಚೀಲ ಕೊಟ್ಟಾನು? ಭಾವ ಚೀಲ ಹೊರುವವರ ಕೊಠಡಿಯಲ್ಲಿ ಕತೆಯನ್ನೇ ತಿರುಗಿಸಿದ: "ಎರಡು ಪಟರ್ ಬೇಡಪ್ಪಾ ಅಂತ ಬಡ್ಕೊಂಡೆ. ಕದ್ದು ಇಟ್ಕೊಂಡ, ರೆಫರಿ ಕೈಗೆ ಸಿಕ್ಕಿಬಿದ್ದ."

ಅದು ಕಿವಿಗೆ ಬಿದ್ದ ದಿನವೇ ಅವನು ಅಕ್ಕನ ಮನೆಗೆ ನಡೆದ. ಅಕ್ಕ ಒಗೆದ ಬಟ್ಟೆ ಹಿಂಡುತ್ತಿದ್ದಳು.

"ಗೊತ್ತು ಕಣೋ, ಸುಳ್ಳು ಅಂತ ನಂಗೂ ಗೊತ್ತು" ಎಂದಳು, ತಲೆಯೆತ್ತದೆ. "ನೀನು ಒಂಟಿ ಜೀವ, ಹೇಗೋ ಬದುಕ್ತೀಯ. ಇವರ ಕೆಲಸ ಹೋದ್ರೆ ನಾನು ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ? ಬಾಯ್ಬಿಡ್ಬೇಡ."

ಅವನು ಬಾಯಿ ಬಿಡಲಿಲ್ಲ. ಮರುವರ್ಷದ ಅರ್ಹತಾ ಪಂದ್ಯದಲ್ಲಿ, ಜೊತೆಗೆ ಆಡಬೇಕಿದ್ದವನು ಎಲ್ಲರೆದುರು ಅವನ ಚೀಲದ ಕೋಲುಗಳನ್ನು ಗಟ್ಟಿಯಾಗಿ ಎಣಿಸಿ ನಕ್ಕ. ಅಂದು ಅವನ ಮೊದಲ ಹೊಡೆತವೇ ಕೆರೆಗೆ ಬಿತ್ತು, ಉಳಿದವೂ ಅದರ ಬಂಧುಗಳೇ.

ಈಗ ಅವನು ಅಭ್ಯಾಸದ ಮೈದಾನದಲ್ಲಿ, ಕಚೇರಿ ಮುಗಿಸಿ ಬರುವವರಿಗೆ ಕೋಲು ಹಿಡಿಯುವುದನ್ನು ಕಲಿಸುತ್ತಾನೆ. ಭಾವ ಸರಣಿಯ ಆಟಗಾರನೊಬ್ಬನ ಚೀಲ ಹೊರುತ್ತಾನೆ. ಅಕ್ಕ ಫೋನು ಮಾಡಿದರೆ ಅವನು ಎತ್ತುವುದಿಲ್ಲ.